ಮುಷ್ಟಿಯಲ್ಲಿ ಹಿಡಿದು ಹತ್ತು ಎಣಿಸು

ಕಣ್ಣಿಂದ ಆರಿಸಬೇಡ ಹುಡುಗಿ,
ಕಣ್ಣು ಅವಸರದ ಗಿರಾಕಿ.
ಇಗೋ, ಈ ಮೂಲೆಯನ್ನು ಮುಷ್ಟಿಯಲ್ಲಿ ಹಿಡಿ,
ಹತ್ತು ಎಣಿಸು, ಬಿಡು.
ಸುಕ್ಕು ಉಳಿಯಿತೆ? ಹಾಗಾದರೆ
ನೀನು ಕೂತದ್ದು ಎದ್ದದ್ದು ಎಲ್ಲವನ್ನೂ
ಊರಿಗೆಲ್ಲ ಹೇಳುತ್ತದೆ ಇದು.

ಜೋರಾಗಿ ಮಾತಾಡಬೇಕಿಲ್ಲ,
ನನ್ನ ಕಡೆ ತಿರುಗಿ ಮಾತಾಡು, ಸಾಕು.
ಇಪ್ಪತ್ತೆರಡು ವರ್ಷ ಮಗ್ಗಗಳ ನಡುವೆ ನಿಂತವಳು,
ಕಿವಿಯನ್ನು ಗಿರಣಿಯಲ್ಲೇ ಬಿಟ್ಟು ಬಂದೆ.
ಆ ಸದ್ದಿನಲ್ಲಿ ತುಟಿ ಓದಲು ಕಲಿತೆವು:
ಯಾರ ಗಂಡ ಕುಡಿದ, ಯಾರಿಗೆ ತಿಂಗಳು ತಪ್ಪಿತು,
ಮೇಸ್ತ್ರಿ ಯಾವ ಸಾಲಿನಲ್ಲಿ ಬರುತ್ತಿದ್ದಾನೆ.
ಈಗ ಆ ಕೆಂಪು ಇಟ್ಟಿಗೆಯೊಳಗೆ ಹೋಟೆಲು.
ನನ್ನ ಮಗ್ಗವಿದ್ದ ಜಾಗದಲ್ಲಿ
ಯಾರೋ ಕಾಲಮೇಲೆ ಕಾಲು ಹಾಕಿ ಕಾಫಿ ಕುಡಿಯುತ್ತಾರೆ.

ವುಚ್ ಅಂದರೆ ನಮ್ಮ ಮಾತಿನಲ್ಲಿ ದೋಣಿ.
ಊರಿಗೆ ದೋಣಿಯ ಹೆಸರಿಟ್ಟು
ಹೊಳೆಯನ್ನು ಕೊಳವೆಗೆ ತುರುಕಿ ನೆಲದಡಿ ಹೂತರು.
ಕಾಣುವುದಿಲ್ಲ, ಹರಿಯುತ್ತದೆ.
ಅಸ್ತರಿನ ಮಾತು ಬಂದಾಗ ನೆನಪಿಸು.

ಕಲಿನಾ ಅಂದೆಯಲ್ಲ ಹೆಸರು?
ಪರೀಕ್ಷೆಗೆ ನೂರು ದಿನ ಇರುವಾಗ
ಶಾಲೆಯವರೆಲ್ಲ ಕುಣಿಯುವ ರಾತ್ರಿಗೆ ಉಡುಪು;
ಹೊಲಿಯುವವಳು ಅತ್ತೆ ಲೂಚಿನಾ, ಅವಳದ್ದು ಕಾಲುಮಣೆಯ ಯಂತ್ರ.
ನಿನಗೆ ಬೇಕಾದ್ದು ಆ ಹಸಿರು ಸ್ಯಾಟಿನ್.
ಚೆಂದ, ಇಲ್ಲವೆನ್ನಲಾರೆ.
ಹನಿ ಬಿದ್ದರೆ ಕಲೆ, ಉಗುರು ತಾಗಿದರೆ ಎಳೆ,
ಬಿಚ್ಚಿದ ಹೊಲಿಗೆಯ ತೂತು ಸಾಯುವವರೆಗೂ ಮುಚ್ಚದು.
ತಾಳು, ಒಂದು ನೂಲು ಕಿತ್ತು ಕಡ್ಡಿ ಗೀರುತ್ತೇನೆ:
ಕಾಗದ ಸುಟ್ಟ ವಾಸನೆಯಾದರೆ ಹತ್ತಿ,
ಕೂದಲು ಸುಟ್ಟಂತಾದರೆ ರೇಷ್ಮೆ,
ಕರಗಿ ಮಣಿಯಾಗಿ ಬೆರಳಿಗೆ ಅಂಟಿದರೆ...
ಹ್ಞಾ, ಅಂಟಿತು.
ಇದನ್ನೂ ಮಾರುತ್ತೇನಮ್ಮ, ಬಾಡಿಗೆ ಕಟ್ಟಬೇಕಲ್ಲ.

ಅದಿರಲಿ, ಮತ್ತೆ ಮತ್ತೆ ಸೊಂಟಕ್ಕೆ ಯಾಕೆ ಕೈ?

ತುಟಿ ಅಲುಗಲಿಲ್ಲ. ಆದರೂ ಓದಿಕೊಂಡೆ.
ಸ್ವೆಟರ್ ಎತ್ತಿ ತೋರಿಸಿದಳು:
ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಯಂತ್ರ,
ಅದರಿಂದ ಹೊಟ್ಟೆಗೆ ಒಂದು ಸಣ್ಣ ಕೊಳವೆ,
ಹಗಲೂ ರಾತ್ರಿಯೂ ತೊಟ್ಟು ತೊಟ್ಟು ಇನ್ಸುಲಿನ್.
ದೊಡ್ಡ ಅಂಗಡಿಯವಳು ಅಂದಳಂತೆ, ಕೈಚೀಲದಲ್ಲಿಡು ಎಂದು.
ಕರುಳನ್ನು ಕೈಚೀಲದಲ್ಲಿಟ್ಟು
ಕುಣಿಯುತ್ತಾರೇನೆ ಯಾರಾದರೂ?

ಸ್ಯಾಟಿನ್ನನ್ನು ಸುತ್ತಿ ಮೇಲಿಟ್ಟೆ.
ಎರಡನೆಯ ಹಲಗೆಯಿಂದ ಉಣ್ಣೆಯ ಕ್ರೇಪ್ ಇಳಿಸಿದೆ,
ಅದೂ ಹಸಿರೇ, ಕೊಳದ ಅಡಿಯ ಹಸಿರು.
ಅದರ ಮಡಿಕೆಯಲ್ಲಿ ಯಂತ್ರದಷ್ಟೇ ತೂಕದ ಬಟ್ಟಲನ್ನಿಟ್ಟು
ತೂಗುಹಾಕಿ ನೋಡಿದೆವು ಇಬ್ಬರೂ.
ಸ್ಯಾಟಿನ್ ಆಗಿದ್ದರೆ ಜೋತು ಬೀಳುತ್ತಿತ್ತು.
ಇದು ಹೊತ್ತುಕೊಂಡಿತು, ಹೊತ್ತದ್ದನ್ನು ಆಡಿ ತೋರಿಸಲಿಲ್ಲ.
ಬಟ್ಟೆಯೇ ತೋರುತ್ತದೆ ಬಟ್ಟೆ.

ಒಳಜೇಬಿಗೆ ಹತ್ತಿ. ಮೈ ಬೆವರುವ ಕಡೆ ಹತ್ತಿಯೇ ಆಗಬೇಕು.
ಕೊಳವೆಗೆ ಗುಂಡಿ ಕಾಜಿನಷ್ಟು ಕಿಂಡಿ, ಅಂಚಿಗೆ ಕೈಹೊಲಿಗೆ.
ಅಸ್ತರಿನ ಮಾತು ನೆನಪಿಸು ಅಂದಿದ್ದೆನಲ್ಲ,
ಬೇಡ ಬಿಡು, ನಿನಗೆ ಗೊತ್ತು.

ಅತ್ತೆಗೆ ಹೇಳು: ಕತ್ತರಿ ಹಾಕುವ ಮೊದಲು ಆವಿ ಹಿಡಿಯಲಿ,
ಕುಗ್ಗುವುದೆಲ್ಲ ಮೊದಲೇ ಕುಗ್ಗಿಬಿಡಲಿ.
ಉಳಿದ ತುಂಡಿನಲ್ಲಿ ಪುಟ್ಟ ಕೈಚೀಲ ಮಾಡಿಸು,
ಲಿಪ್‌ಸ್ಟಿಕ್ಕಿಗೆ, ಮನೆಯ ಬೀಗದಕೈಗೆ,
ತಲೆ ತಿರುಗಿದರೆಂದು ನಾಲ್ಕು ಸಕ್ಕರೆ ತುಂಡಿಗೆ.

ಈಗ ಬಾಗಿಲ ಬಳಿ ಹಿಡಿದು ನೋಡು.
ಅಂಗಡಿಯ ದೀಪ ಸುಳ್ಳು ಹೇಳುತ್ತದೆ,
ಹಿಮದ ಬೆಳಕು ಹೇಳುವುದಿಲ್ಲ.
ಮೂರು ಮೀಟರ್ ಅಂದೆ, ಅಲ್ಲವೆ?
ಮೇಲೆ ಒಂದು ಗೇಣು ಹೆಚ್ಚು ಬಂದಿದ್ದರೆ
ಮುದುಕಿಯ ಕೈ ಜಾರಿತು ಅಂದುಕೋ.
ಲೆಕ್ಕ ಕೇಳಬೇಡ,
ನನಗೆ ಕಿವಿ ಕೇಳುವುದಿಲ್ಲ.